ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಅಂತ ಬಂದಿದೆಯಾ? ಇಲ್ಲಿಂದ ಶುರು ಮಾಡಿ

ಕಿಡ್ನಿ ಕಲ್ಲಿನ ಅನುಮಾನಕ್ಕೋ, ಗ್ಯಾಸ್ಟ್ರಿಕ್ ತೊಂದರೆಗೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿರುತ್ತೀರಿ. ಕಲ್ಲು ಇರುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ಗ್ರೇಡ್ 1 ಫ್ಯಾಟಿ ಲಿವರ್. ಮನೆಗೆ ಬಂದು ಹೇಳಿದರೆ 'ಅಯ್ಯೋ, ಈಗ ಎಲ್ಲರಿಗೂ ಇರುತ್ತೆ ಬಿಡಿ' ಅನ್ನುವವರೇ ಜಾಸ್ತಿ. ರಿಪೋರ್ಟು ಬೀರು ಸೇರುತ್ತದೆ.

ಅದನ್ನು ದಯವಿಟ್ಟು ಹೊರಗೆ ತೆಗೆಯಿರಿ. ತುಂಬಾ ಜನರಿಗೆ ಇದೆ ಅನ್ನುವುದು ನಿಜ. 'ಬಿಡಿ' ಅನ್ನುವುದು ಮಾತ್ರ ತಪ್ಪು. 2021ರಲ್ಲಿ ಕೇಂದ್ರ ಸರ್ಕಾರ ಇದನ್ನು ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳಿರುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಸುಮ್ನೆ ಸೇರಿಸಲಿಲ್ಲ.

ಲಿವರ್ ಬಲಗಡೆ ಪಕ್ಕೆಲುಬಿನ ಕೆಳಗಿದೆ. ಸುಮಾರು ಒಂದೂವರೆ ಕೆಜಿ ತೂಕ. ಅದರಲ್ಲಿ ಕೊಬ್ಬು ಶೇ 5ಕ್ಕಿಂತ ಹೆಚ್ಚಾದರೆ ಫ್ಯಾಟಿ ಲಿವರ್. ಕೆಲವರಲ್ಲಿ ಅದು ಕೊಬ್ಬಿಗೇ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಉರಿಯೂತ ಶುರುವಾಗುತ್ತದೆ, ಆಮೇಲೆ ಗಾಯದ ಕಲೆಯಂತೆ ನಾರು ಕಟ್ಟುತ್ತದೆ, ಕೊನೆಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುತ್ತದೆ. ಇಷ್ಟೆಲ್ಲ ಆಗಲು ವರ್ಷಗಟ್ಟಲೆ ಬೇಕು. ಅಲ್ಲಿಯವರೆಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಸಮಾಧಾನದ ಮಾತೂ ಇದೆ: ಮೊದಲ ಹಂತಗಳಲ್ಲಿ ಲಿವರ್ ಚೇತರಿಸಿಕೊಳ್ಳುತ್ತದೆ.

'ನಾನು ಒಂದು ತೊಟ್ಟೂ ಕುಡಿಯಲ್ಲ, ನನಗೆ ಯಾಕೆ ಬಂತು?' ಇದು ಎಲ್ಲರೂ ಕೇಳುವ ಪ್ರಶ್ನೆ. ಕುಡಿತದಿಂದ ಬರುವುದು ಒಂದು ಬಗೆ. ಇನ್ನೊಂದು ಬಗೆ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಹೆಚ್ಚಿದ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಇವುಗಳ ಜೊತೆಗೆ ಬರುತ್ತದೆ. ಈ ಕೊಬ್ಬು ಎಣ್ಣೆ, ತುಪ್ಪದಿಂದ ಮಾತ್ರ ಬಂದದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ತಿಂದ ಅನ್ನ, ಮೈದಾ, ಸಕ್ಕರೆಯನ್ನೂ ಲಿವರ್ ಕೊಬ್ಬಾಗಿಸಿ ಕೂಡಿಡುತ್ತದೆ. ಹಾಗಾಗಿ ಮದ್ಯ ಮುಟ್ಟದ ಗೃಹಿಣಿಗೂ ಬರುತ್ತದೆ, ಸಸ್ಯಾಹಾರಿಗೂ ಬರುತ್ತದೆ.

ಮೊದಲು ಟೇಪು ಹಿಡಿಯಿರಿ

ಟೈಲರ್ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ. ಉಸಿರು ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ದರೆ ಎಚ್ಚರವಾಗಬೇಕು. ಪ್ಯಾಂಟಿನ ಸೈಜು ನಂಬಬೇಡಿ, ಅನೇಕರು ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರುವವರು ನಮ್ಮಲ್ಲಿ ಬಹಳ. ತೂಕದ ಮಷಿನ್ನಿಗಿಂತ ಟೇಪು ಅವರಿಗೆ ಸರಿಯಾಗಿ ದಾರಿ ತೋರಿಸುತ್ತದೆ.

ನಂತರ ರಕ್ತ ಪರೀಕ್ಷೆ

ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟ್ರಾಲ್. ಮೊದಲೆರಡು ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು, ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಿಸುವ ಕಣಗಳು. ಲಿವರಿಗೆ ತಗಲುವ ವೈರಸ್ ಸೋಂಕುಗಳಾದ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ. ಎಸ್‌ಜಿಪಿಟಿ ನಾರ್ಮಲ್ ಬಂತು ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ. ಅದು ನಾರ್ಮಲ್ ಇದ್ದೂ ಲಿವರ್ ಕೆಟ್ಟಿರಬಹುದು.

ನಿಜವಾಗಿ ತಿಳಿಯಬೇಕಾದದ್ದು ನಾರು ಕಟ್ಟಿದೆಯೇ ಅನ್ನುವುದು. ಗ್ರೇಡ್ 1, 2, 3 ಅನ್ನುವುದು ಕೊಬ್ಬಿನ ಲೆಕ್ಕ, ನಾರಿನದಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ನಾರಿನ ಅಂದಾಜಿಗೆ 'ಫಿಬ್ 4' ಎಂಬ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು (2.5 ಲಕ್ಷ ಇದ್ದರೆ 250 ಎಂದು ಹಿಡಿದು) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 45, ಎಸ್‌ಜಿಒಟಿ 40, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 2.5 ಲಕ್ಷ ಅಂದುಕೊಳ್ಳಿ. 45ನ್ನು 40ರಿಂದ ಗುಣಿಸಿದರೆ 1800. 49ರ ವರ್ಗಮೂಲ 7, ಅದನ್ನು 250ರಿಂದ ಗುಣಿಸಿದರೆ 1750. 1800ನ್ನು 1750ರಿಂದ ಭಾಗಿಸಿದರೆ 1.03. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಅಪಾಯ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನಿಂಗ್) ಬೇಕಾಗಬಹುದು. 35ರೊಳಗಿನವರಿಗೂ 65 ದಾಟಿದವರಿಗೂ ಈ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ, ಅವರು ಡಾಕ್ಟರ ಮಾತಿನಂತೆ ನಡೆಯಲಿ.

ಲೋಟದಲ್ಲಿ ಏನಿದೆ ನೋಡಿ

ತಟ್ಟೆಗಿಂತ ಮೊದಲು ಲೋಟ ಸರಿಮಾಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಶ್ರಮ ಕಡಿಮೆ, ಲಾಭ ಜಾಸ್ತಿ. ದಿನಕ್ಕೆ ನಾಲ್ಕು ಸಲ ಟೀ ಕುಡಿಯುತ್ತೀರಿ, ಪ್ರತಿ ಸಲ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಂ ಹಿಡಿದರೂ 40 ಗ್ರಾಂ ಆಯಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಟೀಯಲ್ಲೇ ಮಿತಿ ದಾಟಿತು. ಮೇಲೆ ಒಂದು ಸಣ್ಣ ಬಾಟಲಿ ಕೂಲ್ ಡ್ರಿಂಕ್ಸ್ ಕುಡಿದರೆ ಇನ್ನೂ ಸುಮಾರು 30 ಗ್ರಾಂ. ಸಕ್ಕರೆಯಲ್ಲಿರುವ ಫ್ರಕ್ಟೋಸ್ ನೇರ ಲಿವರಿಗೇ ಹೋಗಿ ಸುಲಭವಾಗಿ ಕೊಬ್ಬಾಗುತ್ತದೆ.

ಬೆಲ್ಲ, ಜೇನುತುಪ್ಪ ಹಾಕಿಕೊಂಡರೆ ಪರವಾಗಿಲ್ಲ ಅಲ್ವಾ ಅಂತ ಕೇಳುತ್ತಾರೆ. ಲಿವರಿನ ಮಟ್ಟಿಗೆ ಅವೂ ಸಕ್ಕರೆಯೇ. ಕಬ್ಬಿನ ಹಾಲು, ಪ್ಯಾಕೆಟ್ ಜ್ಯೂಸ್ ಕೂಡ ಅಷ್ಟೇ. ಕಿತ್ತಳೆಯನ್ನು ಹಿಂಡಬೇಡಿ, ತೊಳೆ ಬಿಡಿಸಿ ತಿನ್ನಿ. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸುತ್ತಾ ಬನ್ನಿ, ನಾಲಿಗೆ ಒಗ್ಗಿಕೊಳ್ಳುತ್ತದೆ. ಕಾಫಿ ಪ್ರಿಯರಿಗೆ ಒಳ್ಳೆಯ ಸುದ್ದಿ: ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳು ಕಂಡುಕೊಂಡಿವೆ. ಫಿಲ್ಟರ್ ಕಾಫಿ ಬಿಡಬೇಕಿಲ್ಲ, ಸಕ್ಕರೆ ಬಿಟ್ಟರೆ ಸಾಕು.

ಈಗ ತಟ್ಟೆಗೆ ಬನ್ನಿ

ಅನ್ನ ಬಿಡಿ, ಮುದ್ದೆ ಬಿಡಿ ಅಂತ ಹೇಳುವುದಿಲ್ಲ. ಬಡಿಸುವ ಕ್ರಮ ಬದಲಾಯಿಸಿ. ಮೊದಲು ಅರ್ಧ ತಟ್ಟೆಗೆ ಪಲ್ಯ, ಸೊಪ್ಪು, ಸೌತೆಕಾಯಿ ಕೋಸಂಬರಿ. ಕಾಲು ಭಾಗಕ್ಕೆ ಕಾಳು, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗಕ್ಕೆ ಅನ್ನವೋ ಮುದ್ದೆಯೋ ಜೋಳದ ರೊಟ್ಟಿಯೋ, ಯಾವುದಾದರೂ ಒಂದು. ರಾಗಿ ಒಳ್ಳೆಯದು ಅಂತ ಎರಡು ದಪ್ಪ ಮುದ್ದೆ ನುಂಗಿ, ಮೇಲೆ ಅನ್ನ ಸಾರು ಉಂಡರೆ ಪ್ರಯೋಜನವಿಲ್ಲ. ಹೊಲದಲ್ಲಿ ದಿನವಿಡೀ ದುಡಿದ ತಾತನಿಗೆ ಅದು ಕರಗುತ್ತಿತ್ತು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಮೊಮ್ಮಗನಿಗೆ ಕರಗುವುದಿಲ್ಲ. ಹುರುಳಿಕಾಳಿನ ಬಸ್ಸಾರು, ಮಸ್ಸೊಪ್ಪು, ಹೆಸರುಕಾಳಿನ ಉಸ್ಲಿ ನಮ್ಮ ಅಡುಗೆಮನೆಯಲ್ಲೇ ಇವೆ, ಹೊಸದಾಗಿ ಕಲಿಯಬೇಕಾದದ್ದಿಲ್ಲ.

ಸಂಜೆ ಐದರ ಹೊತ್ತು ಬಹಳ ಅಪಾಯದ್ದು. ಬೇಕರಿ ಪಫ್, ಖಾರಾ ಬನ್, ಬಿಸ್ಕತ್ತು ಎಲ್ಲ ಮೈದಾ ಮತ್ತು ಕೊಬ್ಬು. ಬದಲಿಗೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ ತಿನ್ನಿ. ಎಣ್ಣೆಯನ್ನು ಚಮಚದಲ್ಲಿ ಅಳೆಯುವುದು ಕಷ್ಟ, ಡಬ್ಬಿಯಲ್ಲಿ ಅಳೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು, ಎರಡೂವರೆ ಲೀಟರ್ ಸಾಕು.

ನಡಿಗೆ, ತೂಕ

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ವಾರಕ್ಕೆ ಎರಡು ದಿನ ಬಸ್ಕಿ, ಮೆಟ್ಟಿಲು ಹತ್ತುವುದು, ಭಾರ ಎತ್ತುವುದು. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ, ಹಾಗಾಗಿ ಬೇಸರದಿಂದ ನಿಲ್ಲಿಸಬೇಡಿ.

80 ಕೆಜಿ ಇರುವವರು 4 ಕೆಜಿ ಇಳಿದರೆ ಕೊಬ್ಬು ಕರಗಲು ಶುರು. 6ರಿಂದ 8 ಕೆಜಿ ಇಳಿದರೆ ಉರಿಯೂತವೂ ತಗ್ಗುವ ಸಾಧ್ಯತೆ ಹೆಚ್ಚು. ಆದರೆ ನಿಧಾನ ಇರಲಿ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಸಾಕು. ಉಪವಾಸ ಬಿದ್ದು ಸರ್ರನೆ ಇಳಿಸಿದರೆ ಲಿವರಿಗೇ ಪೆಟ್ಟು, ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು.

ಮದ್ಯ, ಮಾತ್ರೆ, ಕಷಾಯ

ಕೊಬ್ಬು ತುಂಬಿದ ಲಿವರಿಗೆ ಮದ್ಯ ಬೇಡವೇ ಬೇಡ. 'ವಾರಕ್ಕೊಮ್ಮೆ' ಅನ್ನುವ ರಿಯಾಯಿತಿಯನ್ನು ನಾನು ಕೊಡಲಾರೆ. ಪ್ಯಾರಾಸಿಟಮಾಲ್ ಮಾತ್ರೆಯನ್ನು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ನುಂಗಬೇಡಿ. ಶೀತದ ಮಾತ್ರೆಗಳಲ್ಲೂ ಅದೇ ಸೇರಿರುತ್ತದೆ, ಹೆಸರು ಓದಿ.

ಇನ್ನು 'ಲಿವರ್ ಕ್ಲೀನ್ ಮಾಡುವ' ಪುಡಿ, ಟಾನಿಕ್‌ಗಳು. ಲಿವರ್ ಸೋಸುವ ಬಟ್ಟೆಯಲ್ಲ, ಹಿಂಡಿ ತೊಳೆಯಲು. ಗಿಡಮೂಲಿಕೆ ಅಂದರೆ ಅಪಾಯವಿಲ್ಲ ಅನ್ನುವ ನಂಬಿಕೆಯೂ ಸರಿಯಲ್ಲ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ದಿನಾ ಅಮೃತಬಳ್ಳಿ ಕಷಾಯ ಕಾಸಿದರು. ಅದನ್ನು ಕುಡಿದ ಕೆಲವರ ಲಿವರಿಗೆ ತೊಂದರೆಯಾದ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಲಿವರ್ ತೊಂದರೆ ಇರುವವರು ತಾವೇ ನಿರ್ಧರಿಸಿ ತಿಂಗಳುಗಟ್ಟಲೆ ಕಷಾಯ ಕುಡಿಯುವುದು ಬೇಡ.

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲವೇ? ದೊಡ್ಡವರಿಗೂ ಇದೆ. ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್.

ಕಣ್ಣು ಹಳದಿಯಾದರೆ, ಹೊಟ್ಟೆ ಕಾಲು ಊದಿಕೊಂಡರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ, ಮಾತು ಗೊಂದಲವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಇವೇನೂ ಇಲ್ಲದಿದ್ದರೆ ಆರು ತಿಂಗಳು ಇದನ್ನು ಪಾಲಿಸಿ, ಮತ್ತೆ ಪರೀಕ್ಷೆ ಮಾಡಿಸಿ. ಹೋಗುವಾಗ ಹಳೆಯ ರಿಪೋರ್ಟು, ಹೊಟ್ಟೆಯ ಅಳತೆ ಬರೆದಿಟ್ಟ ಚೀಟಿ, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ ಪುಡಿಗಳ ಪಟ್ಟಿ ಕೈಯಲ್ಲಿರಲಿ. ಕಷಾಯವನ್ನೂ ಬರೆಯಿರಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.