ಊರಿನ ದುಡ್ಡು ಬ್ಯಾಂಕಾಕಿಗೆ ತರಿಸುವ ಮುನ್ನ

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟ, ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗೆ ಕೊಟ್ಟ ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಎಫ್‌ಡಿ. ಬ್ಯಾಂಕಾಕಿನಲ್ಲಿ ಕೆಲಸದಲ್ಲಿರುವ ನನಗೆ ಊರಿನಲ್ಲಿ ದುಡ್ಡು ಹುಟ್ಟುವುದು ಈ ಮೂರು ಕಡೆ. ಅದನ್ನು ಥಾಯ್ಲೆಂಡಿಗೆ ತರಿಸಿಕೊಂಡಾಗ ಅಲ್ಲಿನ ತೆರಿಗೆ ಬೀಳುತ್ತದೆಯೋ ಇಲ್ಲವೋ ಎನ್ನುವ ಪ್ರಶ್ನೆಗೆ 2023ರವರೆಗೆ ಉತ್ತರ ಸುಲಭವಿತ್ತು. ಈಗ ಲೆಕ್ಕ ಇಟ್ಟವರಿಗೆ ಮಾತ್ರ ಉತ್ತರ ಸಿಗುತ್ತದೆ. ನಾನು ಲೆಕ್ಕ ಇಡುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜನವರಿಯಿಂದ ಡಿಸೆಂಬರ್‌ವರೆಗಿನ ಒಂದು ವರ್ಷದಲ್ಲಿ ಥಾಯ್ಲೆಂಡಿನೊಳಗೆ ಒಟ್ಟು 180 ದಿನ ಅಥವಾ ಹೆಚ್ಚು ಇದ್ದವರು ಅಲ್ಲಿನ ತೆರಿಗೆಗೆ ನಿವಾಸಿಗಳು. ನಿವಾಸಿಗೆ ಹೊರದೇಶದ ಆದಾಯದ ಮೇಲೆ ತೆರಿಗೆ ಬರುವುದು ಆ ಹಣವನ್ನು ದೇಶದೊಳಕ್ಕೆ ತಂದಾಗ. ಹಿಂದೆ, ಗಳಿಸಿದ ವರ್ಷದಲ್ಲೇ ತಂದರೆ ಮಾತ್ರ ತೆರಿಗೆ ಎಂದು ಅರ್ಥ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಡಿಸೆಂಬರ್ ದಾಟಿಸಿ ಜನವರಿಯಲ್ಲಿ ತರಿಸಿದರೆ ಸಾಕಿತ್ತು. ಥಾಯ್ ಕಂದಾಯ ಇಲಾಖೆಯ 2023ರ ಸೆಪ್ಟೆಂಬರ್ 15ರ ಪೋ. 161/2566 ಆದೇಶ (2566 ಎಂದರೆ ಅಲ್ಲಿನ ಬೌದ್ಧ ಶಕೆಯಲ್ಲಿ 2023) ಆ ದಾರಿಯನ್ನು ಮುಚ್ಚಿತು. 2024ರ ಜನವರಿ 1ರಿಂದ, ಯಾವ ವರ್ಷ ತಂದರೂ ತಂದ ವರ್ಷದ ಆದಾಯಕ್ಕೆ ಅದನ್ನು ಸೇರಿಸಬೇಕು. ಎರಡು ತಿಂಗಳಿಗೆ, ನವೆಂಬರ್ 20ರಂದು ಬಂದ ಪೋ. 162/2566 ಒಂದು ಬಾಗಿಲು ತೆರೆದಿಟ್ಟಿತು: 2024ರ ಜನವರಿ 1ಕ್ಕಿಂತ ಮೊದಲು ಗಳಿಸಿದ ಹಣಕ್ಕೆ ಹೊಸ ಅರ್ಥ ಅನ್ವಯಿಸುವುದಿಲ್ಲ.

ಈ ಎರಡೂ ಆದೇಶಗಳು ಬಹಳ ಚಿಕ್ಕವು. ಒಂದೇ ಖಾತೆಯಲ್ಲಿ ಹಳೇ ದುಡ್ಡು, ಹೊಸ ದುಡ್ಡು ಬೆರೆತಿದ್ದರೆ ಮೊದಲು ಹೊರಟದ್ದು ಯಾವುದು ಎಂದು ಅವು ಹೇಳುವುದಿಲ್ಲ. ಮೊದಲು ಬಂದದ್ದು ಮೊದಲು ಹೋಯಿತು ಎಂದು ನಾವು ವಾದಿಸಬಹುದು, ಅದು ಹೊಸ ಆದಾಯವೇ ಎಂದು ಅಧಿಕಾರಿಯೂ ವಾದಿಸಬಹುದು. ಇಡೀ ವಿಷಯದಲ್ಲಿ ನಿಜವಾದ ತೊಡಕು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ವಾದ ಕಟ್ಟುತ್ತಾ ಕೂರುವ ಬದಲು ದುಡ್ಡನ್ನು ಬೆರೆಸದೇ ಇರುವುದು ಲೇಸು. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂಬ ತರಗತಿಗಳು ಬೇರೆ ಬೇರೆ ಚೀಲಕ್ಕೆ ಹೋಗುವ ಹಾಗೆ ಇದೂ ಬೇರೆ ಬೇರೆ ಖಾತೆಗೆ ಹೋಗಬೇಕು.

ನಾನು ಮೂರು ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳ ಭಾರತದೊಳಗಿನ ಆದಾಯ ಜಮಾ ಆಗುವ ಖಾತೆ, ಇಟ್ಟಿದ್ದೇನೆ. ಒಂದನೆಯದು ಹಳೇ ದುಡ್ಡಿನದು. 2023ರ ಡಿಸೆಂಬರ್ 31ರಂದು ಎಲ್ಲ ಖಾತೆ, ಎಫ್‌ಡಿಗಳಲ್ಲಿ ಇದ್ದ ಬಾಕಿಗೆ ಬ್ಯಾಂಕಿನ ಮೊಹರು, ಸಹಿ ಇರುವ ಸ್ಟೇಟ್‌ಮೆಂಟ್ ಇಂಗ್ಲಿಷಿನಲ್ಲಿ ಪಡೆದು ಅಷ್ಟನ್ನು ಮಾತ್ರ ಇದರಲ್ಲಿ ಇಟ್ಟಿದ್ದೇನೆ. ಎರಡನೆಯದಕ್ಕೆ ಅಡಿಕೆ ದುಡ್ಡು ಮತ್ತು ಬಾಡಿಗೆ. ಮೂರನೆಯದಕ್ಕೆ ಬಡ್ಡಿ. ಥಾಯ್ಲೆಂಡಿಗೆ ಹಣ ಹೊರಡುವುದು ಒಂದನೆಯದರಿಂದ ಮಾತ್ರ.

ಒಂದನೆಯ ಖಾತೆಗೆ ಯಾರೂ ಏನೂ ಹಾಕದಿದ್ದರೂ ಬ್ಯಾಂಕೇ ಹಾಕುತ್ತದೆ. ಮೂರು ತಿಂಗಳಿಗೊಮ್ಮೆ ಉಳಿತಾಯದ ಬಡ್ಡಿ ಅದೇ ಖಾತೆಗೆ ಜಮಾ ಆಗುತ್ತದೆ, ಅದು ಹೊಸ ಆದಾಯ. ಜಮಾ ಆದ ದಿನವೇ ಪೈಸೆ ಸಮೇತ ಅಷ್ಟನ್ನೂ ಮೂರನೆಯ ಖಾತೆಗೆ ವರ್ಗಾಯಿಸಬೇಕು. ಎಫ್‌ಡಿಯಲ್ಲೂ ಇದೇ ಕಥೆ. ಬಡ್ಡಿ ಅಸಲಿಗೆ ಸೇರುತ್ತಾ ಹೋಗುವ ಎಫ್‌ಡಿ ಮಾಡಿದರೆ ಅವಧಿ ಮುಗಿದಾಗ ಹಳೇ ಅಸಲು, ಹೊಸ ಬಡ್ಡಿ ಒಂದೇ ಮೊತ್ತವಾಗಿ ಕೈಗೆ ಬರುತ್ತದೆ. ಆಮೇಲೆ ಬಿಡಿಸಲು ಬಹಳ ಕಷ್ಟ. ಬಡ್ಡಿಯನ್ನು ಪ್ರತಿ ತ್ರೈಮಾಸಿಕಕ್ಕೆ ಬೇರೆ ಖಾತೆಗೆ ಕೊಡುವ ಎಫ್‌ಡಿಯನ್ನೇ ಕೇಳಿ, ಅರ್ಜಿಯಲ್ಲಿ ಮೂರನೆಯ ಖಾತೆಯ ಸಂಖ್ಯೆ ಬರೆಸಬೇಕು.

ಥಾಯ್ಲೆಂಡಿನ ಸಂಬಳವನ್ನು ಎನ್‌ಆರ್‌ಇ ಖಾತೆಗೆ (ಹೊರದೇಶದ ಗಳಿಕೆಯನ್ನು ಭಾರತದಲ್ಲಿ ಇಡುವ ಅನಿವಾಸಿ ಖಾತೆ) ಕಳಿಸಿ ಮತ್ತೆ ವಾಪಸು ತರಿಸಿದರೆ ಆ ಅಸಲು ಹೊರದೇಶದ ಆದಾಯವಲ್ಲ, ಅದಕ್ಕೆ ಅಲ್ಲಿಯೇ ತೆರಿಗೆ ಮುಗಿದಿದೆ. ಆದರೆ ಎನ್‌ಆರ್‌ಇ ಬಡ್ಡಿ ಹೊರದೇಶದ್ದೇ. ಭಾರತದಲ್ಲಿ ಅದಕ್ಕೆ ವಿನಾಯಿತಿ ಇದೆ ಎಂದು ಥಾಯ್ಲೆಂಡಿನಲ್ಲೂ ಬಿಟ್ಟುಬಿಡುತ್ತಾರೆ ಎಂದುಕೊಳ್ಳಬಾರದು.

ಅಡಿಕೆ ದುಡ್ಡಿಗೂ ಈ ಮಾತು ಸಲ್ಲುತ್ತದೆ. ಸುಲಿದು, ಬೇಯಿಸಿ, ಒಣಗಿಸಿ ಕೆಂಪಡಿಕೆ ಮಾಡಿ ಮಾರಿದರೂ ಅದು ಕೃಷಿ ಆದಾಯವೇ, ಕೇಂದ್ರದ ಆದಾಯ ತೆರಿಗೆ ಇಲ್ಲ. ಭಾರತದಲ್ಲಿ ತೆರಿಗೆ ಕಟ್ಟಿಲ್ಲ ಎಂದಾದರೆ ಥಾಯ್ಲೆಂಡಿನ ತೆರಿಗೆಯಿಂದ ಕಳೆಯಲೂ ಏನೂ ಇಲ್ಲ. ಥಾಯ್ಲೆಂಡಿಗೆ ತಂದರೆ ಅಲ್ಲಿನ ಪೂರ್ತಿ ದರ ಬೀಳುತ್ತದೆ. ಅದಕ್ಕೇ ಎರಡನೆಯ ಖಾತೆಯನ್ನು ಊರಿನ ಖರ್ಚಿಗೇ ಮುಡಿಪು ಮಾಡಿದ್ದೇನೆ: ಅಡಿಕೆ ಕೊನೆ ಇಳಿಸುವ ಕೊನೆಗೌಡರ ಕೂಲಿ, ಬೋರ್ಡೋ ದ್ರಾವಣ ಹೊಡೆಸುವುದು, ಗೊಬ್ಬರ, ಮನೆ ಕಂದಾಯ, ಅಪ್ಪಯ್ಯ ಅಮ್ಮನ ಔಷಧಿ. ಊರಿನ ಖರ್ಚಿಗೆ ಸಂಬಳ ಕಳಿಸಿ, ಬ್ಯಾಂಕಾಕಿನ ಖರ್ಚಿಗೆ ಅಡಿಕೆ ದುಡ್ಡು ತರಿಸುವವರು ಕಟ್ಟಬೇಕಿಲ್ಲದ ತೆರಿಗೆಯನ್ನು ತಾವೇ ಮೈಮೇಲೆ ಎಳೆದುಕೊಳ್ಳುತ್ತಾರೆ.

ಮಲೆನಾಡಿನ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ಇನ್ನೊಂದು ಎಡವಟ್ಟು ಹೆಸರಿನದು. ಪಹಣಿ ಮಗನ ಹೆಸರಿಗೆ ಆಗಿರುತ್ತದೆ, ಅಡಿಕೆ ಮಾತ್ರ ಅಪ್ಪಯ್ಯನ ಸದಸ್ಯ ಸಂಖ್ಯೆಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸಿಗೋ ಮಂಡಿಗೋ ಹೋಗುತ್ತದೆ. ಮಾರಾಟದ ಪಟ್ಟಿ, ದುಡ್ಡು ಎರಡೂ ಅಪ್ಪಯ್ಯನ ಹೆಸರಿಗೆ ಬರುತ್ತವೆ. ಅಲ್ಲಿಂದ ಮಗನಿಗೆ ಕಳಿಸಿದರೆ ಅದು ಉಡುಗೊರೆಯೋ ಮಗನದೇ ಆದಾಯವೋ? ಪಹಣಿ ನೋಡಿದವರು ಆದಾಯ ಎನ್ನುತ್ತಾರೆ. ಪಹಣಿ, ಪಟ್ಟಿ, ಖಾತೆ ಮೂರರಲ್ಲೂ ಒಂದೇ ಹೆಸರು ಇರುವಂತೆ ಮಾಡಿಕೊಳ್ಳಬೇಕು. ಪಟ್ಟಿ ಕನ್ನಡದಲ್ಲಿರುತ್ತದೆ. ತೋಟದ ದುಡ್ಡು ತರಿಸಲೇಬೇಕಾದರೆ ಅದಕ್ಕೂ ಪಹಣಿಗೂ ದೃಢೀಕೃತ ಅನುವಾದ ಬೇಕಾಗುತ್ತದೆ.

ತೋಟ ನಿಜವಾಗಿಯೂ ಅಪ್ಪಯ್ಯನದೇ ಆಗಿದ್ದು, ಅವರು ತಮ್ಮ ದುಡ್ಡನ್ನೇ ಕಳಿಸಿದರೆ ಅದು ಉಡುಗೊರೆ. ತಂದೆ ತಾಯಿಯಿಂದ ವರ್ಷಕ್ಕೆ 2 ಕೋಟಿ ಬಾತ್‌ವರೆಗೆ ಥಾಯ್ಲೆಂಡಿನಲ್ಲಿ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 5. ಭಾರತದ ಕಡೆಯಿಂದ ಹೊರದೇಶಕ್ಕೆ ಕಳಿಸಲು ಅವರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ. 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಕಳಿಸುವಾಗಲೇ ಸಂಗ್ರಹಿಸುವ ಮುಂಗಡ ತೆರಿಗೆ, ಹಿಡಿಯುತ್ತದೆ. ಅವರು ರಿಟರ್ನ್ ಸಲ್ಲಿಸಿದರೆ ಅದು ಹೊಂದಾಣಿಕೆಯಾಗುತ್ತದೆ ಅಥವಾ ವಾಪಸು ಬರುತ್ತದೆ. ಸಣ್ಣ ಉಡುಗೊರೆ ಪತ್ರ ಬರೆದು ಸಹಿ ಮಾಡಿಸಿಡುವುದು ಒಳ್ಳೆಯದು. ನಮ್ಮದೇ ದುಡ್ಡನ್ನು ಅಪ್ಪಯ್ಯನ ಖಾತೆಗೆ ಹಾಕಿ ಉಡುಗೊರೆ ಎಂದು ವಾಪಸು ತರಿಸುವುದು ಸುಳ್ಳು ಲೆಕ್ಕ, ಅದಕ್ಕೆ ಕೈ ಹಾಕಬಾರದು.

ಹೊಸ ಆದಾಯ ತರಿಸಲೇಬೇಕಾದ ವರ್ಷ ಬಂದರೆ, ಬಡ್ಡಿಯ ಲೆಕ್ಕ ಹೀಗೆ. ಥಾಯ್ಲೆಂಡಿನ ಸಂಬಳ 12 ಲಕ್ಷ ಬಾತ್ ಎಂದುಕೊಳ್ಳಿ. ಖರ್ಚಿನ ಕಡಿತ 1 ಲಕ್ಷ, ವೈಯಕ್ತಿಕ ಕಡಿತ 60,000, ಉಳಿದದ್ದು 10.4 ಲಕ್ಷ. 10 ಲಕ್ಷದಿಂದ 20 ಲಕ್ಷದವರೆಗಿನ ದರ ಶೇ. 25. ಇದರ ಮೇಲೆ 1 ಲಕ್ಷ ಬಾತ್ ಬಡ್ಡಿ ತಂದರೆ 25,000 ಬಾತ್ ತೆರಿಗೆ. ಭಾರತ–ಥಾಯ್ಲೆಂಡ್ ದ್ವಿತೆರಿಗೆ ತಡೆ ಒಪ್ಪಂದದಲ್ಲಿ ಬಡ್ಡಿಗೆ ಭಾರತ ಹಿಡಿಯಬಹುದಾದದ್ದು ಶೇ. 10, ಆ 10,000 ಕಳೆದು ಅಲ್ಲಿ 15,000 ಕಟ್ಟಬೇಕು. ಆದರೆ ಎನ್‌ಆರ್‌ಒ ಬಡ್ಡಿಗೆ ಬ್ಯಾಂಕು ತಾನಾಗಿ ಹಿಡಿಯುವುದು ಸೆಸ್ ಸೇರಿ ಶೇ. 31.2. ಹೆಚ್ಚು ಹಿಡಿದ 21,200 ಬಾತಿನಷ್ಟನ್ನು ಥಾಯ್ಲೆಂಡಿನಲ್ಲಿ ಕೇಳಿದರೆ ಸಿಗುವುದಿಲ್ಲ. ಒಪ್ಪಂದ ಮೀರಿ ಹಿಡಿದದ್ದನ್ನು ಭಾರತದಲ್ಲೇ ರಿಟರ್ನ್ ಹಾಕಿ ವಾಪಸು ಪಡೆಯಬೇಕು. ಮೊದಲೇ ಶೇ. 10ಕ್ಕೆ ನಿಲ್ಲಿಸಲು ಥಾಯ್ ನಿವಾಸಿ ಪ್ರಮಾಣಪತ್ರ, ಅಂದರೆ ಆರ್.ಒ. 22, ಜೊತೆಗೆ ಒಪ್ಪಂದದ ಅನುಕೂಲ ಪಡೆಯಲು ತುಂಬುವ ನಮೂನೆ 10ಎಫ್ ಬ್ಯಾಂಕಿಗೆ ಕೊಡಬೇಕು. ನಮ್ಮ ಬ್ಯಾಂಕು ಅದನ್ನು ಕೇಳುವುದು ಏಪ್ರಿಲ್‌ನಲ್ಲಿ. ಆ ವರ್ಷದ 180 ದಿನ ಆಗ ತುಂಬಿರುವುದಿಲ್ಲ. ಹಾಗಾಗಿ ಹಿಂದಿನ ವರ್ಷದ್ದನ್ನು ಕೊಟ್ಟು, ಹೊಸದು ಬಂದ ಕೂಡಲೇ ತಲುಪಿಸುತ್ತೇನೆ ಎಂದು ಬರೆದುಕೊಡುತ್ತೇನೆ.

ವಿನೋಬನಗರದ ಬಾಡಿಗೆಗೂ ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಹಿಡಿಯುವ ತೆರಿಗೆ, ಇದೆ. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರರೇ ಟ್ಯಾನ್ (ತೆರಿಗೆ ಹಿಡಿಯುವವರ ಸಂಖ್ಯೆ) ಮಾಡಿಸಿ, ಶೇ. 30 ಮತ್ತು ಸೆಸ್ ಹಿಡಿದು, ತ್ರೈಮಾಸಿಕ ವಿವರದ ನಮೂನೆ 27ಕ್ಯೂ ಸಲ್ಲಿಸಿ, ತೆರಿಗೆ ಹಿಡಿದ ಪ್ರಮಾಣಪತ್ರ 16ಎ ಕೊಡಬೇಕು. ಇದು ಊರಿನಲ್ಲಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕರಾರು ಪತ್ರದಲ್ಲೇ ಬರೆಸಿ, ಆಡಿಟರ ಖರ್ಚು ನಾವೇ ಕೊಡುವುದು ನ್ಯಾಯ.

ಇನ್ನು ವರ್ಷದ ಗಡಿ. ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಥಾಯ್ಲೆಂಡಿನದು ಜನವರಿಯಿಂದ ಡಿಸೆಂಬರ್. 2024ರ ಥಾಯ್ ಲೆಕ್ಕಕ್ಕೆ ಭಾರತದ 2023–24ರ ಕೊನೆಯ ತ್ರೈಮಾಸಿಕವನ್ನೂ 2024–25ರ ಮೊದಲ ಮೂರನ್ನೂ ಸೇರಿಸಬೇಕು. ವಾರ್ಷಿಕ ರಿಟರ್ನ್ ತೋರಿಸಿದರೆ ಎರಡು ದೇಶದ ಅಂಕಿ ತಾಳೆಯಾಗುವುದಿಲ್ಲ. ತ್ರೈಮಾಸಿಕ 16ಎ, ನಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ ತಾರೀಖು ಸಹಿತ ಇರುವ 26ಎಎಸ್ ಇದ್ದರೆ ಆಗುತ್ತದೆ.

ಎನ್‌ಆರ್‌ಒ ಖಾತೆಯಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಬ್ಯಾಂಕು ಹೊರದೇಶಕ್ಕೆ ಕಳಿಸುವ ಹಣದ ಘೋಷಣೆ 15ಸಿಎ, ಬೇಕಾದಲ್ಲಿ ಲೆಕ್ಕಪರಿಶೋಧಕರ ಪ್ರಮಾಣಪತ್ರ 15ಸಿಬಿ ಕೇಳುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕ್ರಮಸಂಖ್ಯೆಗಳು ಬೇರೆ, ನಾನು ಇಲ್ಲಿ ಎಲ್ಲರಿಗೂ ರೂಢಿಯಿರುವ ಹಳೆಯವನ್ನೇ ಬಳಸಿದ್ದೇನೆ. ಕಳಿಸುವಾಗ ಷರಾ ಜಾಗದಲ್ಲಿ '2023ರವರೆಗಿನ ಉಳಿತಾಯ' ಎಂದು ಇಂಗ್ಲಿಷಿನಲ್ಲಿ ಬರೆಸುತ್ತೇನೆ. ಥಾಯ್ ಬ್ಯಾಂಕಿನ ಜಮಾ ಚೀಟಿಯಲ್ಲಿರುವ ಆ ದಿನದ ಬಾತ್ ಮೊತ್ತವೇ ನನ್ನ ಲೆಕ್ಕ. ಭಾರತದ ಕಾರ್ಡಿನಿಂದ ಬ್ಯಾಂಕಾಕಿನ ಎಟಿಎಮ್‌ನಲ್ಲಿ ತೆಗೆದದ್ದನ್ನೂ, ಜೇಬಿನಲ್ಲಿ ತಂದ ನಗದನ್ನೂ 'ತಂದದ್ದು' ಎಂದೇ ಬರೆದಿಡುತ್ತೇನೆ.

ಒಂದು ಅನುಕೂಲದ ಅಂಶವಿದೆ. 180 ದಿನ ತುಂಬದ ವರ್ಷದಲ್ಲಿ ಹುಟ್ಟಿದ ಆದಾಯವನ್ನು ಆಮೇಲೆ ತಂದರೂ ತೆರಿಗೆ ಇಲ್ಲ ಎಂಬುದು ಇಲಾಖೆಯ ಪ್ರಶ್ನೋತ್ತರದಲ್ಲಿದೆ. ಊರಿನಲ್ಲೇ ಹೆಚ್ಚು ದಿನ ಕಳೆದ ವರ್ಷವಿದ್ದರೆ ಆ ವರ್ಷದ ದುಡ್ಡಿಗೂ ಪ್ರತ್ಯೇಕ ಖಾತೆ ಮಾಡಬೇಕು, ಪಾಸ್‌ಪೋರ್ಟಿನ ಮೊಹರಿನ ಪುಟಗಳ ಪ್ರತಿ ಜೊತೆಗಿಡಬೇಕು. ಹಾಗೆಂದು ಆರ್ಥಿಕ ವರ್ಷವೊಂದರಲ್ಲಿ ಊರಿನಲ್ಲಿ 182 ದಿನ ತುಂಬಿದರೆ ಭಾರತದ ನಿವಾಸಿಯಾಗುತ್ತೇವೆ ಎಂಬುದೂ ನೆನಪಿರಲಿ.

2025ರಲ್ಲಿ, ಗಳಿಸಿದ ವರ್ಷ ಅಥವಾ ಮರುವರ್ಷದೊಳಗೆ ತಂದರೆ ವಿನಾಯಿತಿ ಕೊಡುವ ಪ್ರಸ್ತಾಪ ಇಲಾಖೆಯ ಕಡೆಯಿಂದ ಕೇಳಿಬಂತು. ರಾಜಪತ್ರದಲ್ಲಿ ಅಚ್ಚಾದದ್ದನ್ನು ಓದಿಸಿಕೊಳ್ಳದೆ ಇಂಥ ಸುದ್ದಿ ನಂಬಿ ನಾನು ಒಂದು ರೂಪಾಯಿಯನ್ನೂ ಕಳಿಸುವುದಿಲ್ಲ. ಮೂರು ಖಾತೆಯ ಕ್ರಮ ಇದ್ದರೆ ನಿಯಮ ಎತ್ತ ತಿರುಗಿದರೂ ಯಾವ ಖಾತೆಯಿಂದ ಕಳಿಸಬೇಕು ಎಂಬುದಷ್ಟೇ ಬದಲಾಗುತ್ತದೆ.

ಥಾಯ್ ರಿಟರ್ನಿಗೆ ಕಡೇ ದಿನ ಮಾರ್ಚ್ 31. ತಡವಾದ ತೆರಿಗೆಗೆ ತಿಂಗಳಿಗೆ ಶೇ. 1.5 ಹೆಚ್ಚುವರಿ. ಸಲ್ಲಿಸಿದವರನ್ನು ಸಾಮಾನ್ಯವಾಗಿ ಎರಡು ವರ್ಷದೊಳಗೆ, ತಪ್ಪಿಸಿದ ಅನುಮಾನವಿದ್ದರೆ ಐದು ವರ್ಷದೊಳಗೆ ವಿಚಾರಣೆಗೆ ಕರೆಯಬಹುದು. ಸಲ್ಲಿಸದೇ ಇದ್ದವರ ಬಾಕಿಯನ್ನು ಹತ್ತು ವರ್ಷದವರೆಗೂ ಕೇಳಬಹುದು. ಹಾಗಾಗಿ 2023ರ ಡಿಸೆಂಬರ್ 31ರ ಆ ಸ್ಟೇಟ್‌ಮೆಂಟಿನ ಮೂಲಪ್ರತಿ ಬ್ಯಾಂಕಾಕಿನಲ್ಲಿದೆ, ಇನ್ನೊಂದು ಪ್ರತಿ ಊರಿನ ಮನೆಯ ಪೆಟ್ಟಿಗೆಯಲ್ಲಿ, ಪಹಣಿಯ ಜೊತೆ.