ಮ್ಯೂನಿಕ್ ಆಯ್ತು, ಇನ್ನು ಬಾಂಬರ್ಗ್‌ಗೆ ಹೊರಡಿ

ಬೆಂಗಳೂರಿಂದ ಜರ್ಮನಿಗೆ ಯಾರೇ ಬರಲಿ, ಮೊದಲು ಕೇಳುವುದು ಮ್ಯೂನಿಕ್‌ನ ಹೋಫ್‌ಬ್ರಾಯ್‌ಹೌಸ್ ಎಂಬ ಬಿಯರ್ ಹಾಲ್. ನಾನು ಬೇಡ ಅನ್ನುವುದಿಲ್ಲ. 1589ರಲ್ಲಿ ಶುರುವಾದ ಬ್ರೂವರಿ, ಬಣ್ಣ ಬಳಿದ ಕಮಾನು ಛಾವಣಿ, ಬ್ಯಾಂಡು, ಒಂದು ಲೀಟರಿನ ಗಾಜಿನ ಮಗ್ಗು. ನೋಡಲೇಬೇಕು. ಆದರೆ ಒಂದು ಗಂಟೆ ಸಾಕು. ಅಲ್ಲೂ ಊರವರ ಕಾಯಂ ಮೇಜುಗಳಿವೆ, ಆದರೂ ಸುತ್ತ ಕೂತವರಲ್ಲಿ ಜಾಸ್ತಿ ಜನ ನಮ್ಮ ಹಾಗೇ ನೋಡಲು ಬಂದವರು. ಸುಮ್ನೆ ಕುಡಿಯಲು ಬಂದವರ ಪಕ್ಕ ಕೂರಬೇಕಾದರೆ ಉತ್ತರಕ್ಕೆ, ಫ್ರಾಂಕೋನಿಯಾ ಎಂಬ ಪ್ರದೇಶದ ಕಡೆಗೆ ಹೋಗಬೇಕು.

ನಾನು ಕೆಲಸ ಮಾಡುವುದು ಅಲ್ಲಿನ ಎರ್ಲಾಂಗೆನ್‌ನಲ್ಲಿ. ಅಲ್ಲಿಂದ ಬಾಂಬರ್ಗ್‌ಗೆ ಲೋಕಲ್ ಟ್ರೈನಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹೋಗಬಹುದು. ಬಂದವರನ್ನೆಲ್ಲ ನಾನು ಕರೆದೊಯ್ಯುವುದು ಅಲ್ಲಿಗೇ. ಕಾರು ಬೇಡವೇ ಬೇಡ. ಕುಡಿದು ಓಡಿಸುವವರ ಮೇಲೆ ಇಲ್ಲಿನ ಪೊಲೀಸರಿಗೆ ದಯೆ ಇಲ್ಲ, ಇರಲೂಬಾರದು.

ಸ್ಟೇಷನ್ನಿನಿಂದ ಹಳೇ ಊರಿನ ಕಡೆ ನಡೆದರೆ ನದಿ ಸಿಗುವ ಮೊದಲೇ ಓಬೆರೆ ಕ್ಯೋನಿಗ್‌ಸ್ಟ್ರಾಸೆ ಅನ್ನುವ ಬೀದಿ. ಅದರಲ್ಲಿ ಎದುರುಬದುರಾಗಿ ಎರಡು ಬ್ರೂವರಿಗಳು. ಒಂದು ಕಡೆ 1536ರ ಸ್ಪೆಟ್ಸಿಯಾಲ್, ಇನ್ನೊಂದು ಕಡೆ 1649ರ ಫೆಸ್ಲಾ. ಎರಡರಲ್ಲೂ ಹಿಂದೆ ಬಿಯರ್ ಕಾಯಿಸುತ್ತಾರೆ, ಮುಂದೆ ಬಡಿಸುತ್ತಾರೆ, ಮೇಲೆ ಉಳಿಯಲು ರೂಮುಗಳೂ ಇವೆ. ನಾನು ಹೋಗುವುದು ಬೆಳಿಗ್ಗೆ ಹನ್ನೊಂದಕ್ಕೆ, ಇಲ್ಲವೇ ಮಧ್ಯಾಹ್ನ ಮೂರರ ಮೇಲೆ. ಊಟದ ಗಲಾಟೆ ಮುಗಿದು, ಸಂಜೆಯ ಗಲಾಟೆ ಇನ್ನೂ ಶುರುವಾಗದ ಹೊತ್ತು. ನಿವೃತ್ತರು ಪೇಪರ್ ಹಿಡಿದು ಕೂತಿರುತ್ತಾರೆ, ಬಡಿಸುವವರಿಗೂ ಮಾತಾಡಲು ಪುರುಸೊತ್ತು. ಒಂದು ದಿನಕ್ಕೆ ಎರಡು ಬ್ರೂವರಿ, ಹೆಚ್ಚೆಂದರೆ ಮೂರು. ಲಿಸ್ಟ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಾ ಓಡುವವರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಟ್ಯಾಂಕ್ ತೋರಿಸುವ ಬ್ರೂವರಿ ಟೂರುಗಳನ್ನೂ ನಾನು ಬಿಟ್ಟಿದ್ದೇನೆ. ಸ್ಟೀಲ್ ಟ್ಯಾಂಕು ಎಲ್ಲಿ ನೋಡಿದರೂ ಸ್ಟೀಲ್ ಟ್ಯಾಂಕೇ.

ನದಿ ದಾಟಿದರೆ, ಕೆಥೆಡ್ರಲ್ ಗುಡ್ಡದ ಬುಡದಲ್ಲಿ ಶ್ಲೆಂಕರ್ಲಾ ಎಂಬ ಬಿಯರ್ ಮನೆ. 1405ರ ದಾಖಲೆಯಲ್ಲೇ ಈ ಮನೆಯ ಉಲ್ಲೇಖವಿದೆ. ಬಾಂಬರ್ಗ್ ಅಂದರೆ ಹೊಗೆಯ ಬಿಯರು, ಹೊಗೆಯ ಬಿಯರು ಅಂದರೆ ಇದು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವಾಗ ಬೀಚ್ ಎಂಬ ಮರದ ಸೌದೆ ಉರಿಸಿ, ಆ ಹೊಗೆ ನೇರ ಕಾಳಿನ ಮೇಲೆ ಹಾಯುವ ಹಾಗೆ ಬಿಡುತ್ತಾರೆ. ಹಿಂದೆ ಸೌದೆ ಒಲೆಯ ಮೇಲೆ ಒಣಗಿಸುತ್ತಿದ್ದ ಕಡೆಯೆಲ್ಲ ಹೊಗೆ ವಾಸನೆ ಇದ್ದೇ ಇರುತ್ತಿತ್ತು. ಹೊಗೆ ತಾಗದೆ ಬಿಸಿಗಾಳಿಯಿಂದ ಒಣಗಿಸುವ ಗೂಡುಗಳು ಬಂದ ಮೇಲೆ ಉಳಿದವರು ಅದನ್ನು ಕೈಬಿಟ್ಟರು. ಶ್ಲೆಂಕರ್ಲಾ, ಸ್ಪೆಟ್ಸಿಯಾಲ್ ಇಬ್ಬರೂ ಬಿಡಲಿಲ್ಲ, ಇವತ್ತಿಗೂ ತಮ್ಮ ಮಾಲ್ಟನ್ನು ತಾವೇ ಹೊಗೆ ಹಾಕಿ ಒಣಗಿಸುತ್ತಾರೆ.

ಶ್ಲೆಂಕರ್ಲಾದ ಕೌಂಟರಿನಲ್ಲಿರುವುದು ಮರದ ಪೀಪಾಯಿ. ಗ್ಯಾಸಿನ ಒತ್ತಡ ಇಲ್ಲ, ನಲ್ಲಿ ತಿರುಗಿಸಿದರೆ ತಾನಾಗಿ ಇಳಿಯುತ್ತದೆ. ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು, ಬೆಳಕಿಗೆ ಹಿಡಿದರೆ ಕೆಂಪು. ಮೂಗಿನ ಹತ್ತಿರ ತಂದಾಗ ಬರುವುದು ಸೌದೆ ಒಲೆಯ ವಾಸನೆ, ಅದರ ಹಿಂದೆಯೇ ಸುಟ್ಟ ಮಾಂಸದ ವಾಸನೆ. ಮೊದಲ ಗುಟುಕಿಗೆ ಮುಖ ಸಿಂಡರಿಸದವರನ್ನು ನಾನು ಕಂಡಿಲ್ಲ. ಎರಡನೇ ಗ್ಲಾಸಿನ ಹೊತ್ತಿಗೆ ಮೂಗು ಹೊಂದಿಕೊಳ್ಳುತ್ತದೆ, ಕೆಳಗಿರುವ ಮಾಲ್ಟಿನ ಸಿಹಿ ಗೊತ್ತಾಗತೊಡಗುತ್ತದೆ. ಅದಕ್ಕೇ ಅರ್ಧ ಗ್ಲಾಸಿಗೆ ತೀರ್ಪು ಕೊಟ್ಟು ಎದ್ದುಬರಬೇಡಿ. ತೀರಾ ಕಷ್ಟ ಅನಿಸಿದರೆ ಸ್ಪೆಟ್ಸಿಯಾಲ್‌ನಿಂದ ಶುರು ಮಾಡಿ, ಅಲ್ಲಿ ಹೊಗೆ ಕಮ್ಮಿ. ಅಂದಹಾಗೆ, ಬಿಯರಿಗೆ ಏನು ಹಾಕಬಹುದು ಅನ್ನುವ ಬವೇರಿಯಾದ 1516ರ ಕಾನೂನು ಎಲ್ಲರಿಗೂ ಗೊತ್ತು. ಬಾಂಬರ್ಗ್‌ನಲ್ಲಿ ಅಂಥದ್ದೇ ಕಟ್ಟಳೆ 1489ರಲ್ಲೇ ಬಂದಿತ್ತು. ಮ್ಯೂನಿಕ್ ಹೆಸರೆತ್ತಿದರೆ ಸಾಕು, ಇಲ್ಲಿನವರು ಇದನ್ನು ನೆನಪಿಸುತ್ತಾರೆ.

ಇನ್ನು ಕೂರುವ ವಿಷಯ. ಬಾಗಿಲಲ್ಲಿ ನಿಂತು ಯಾರಾದರೂ ಕರೆದು ಕೂರಿಸಲಿ ಎಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ನಮ್ಮ ಹಳೇ ಹೋಟೆಲುಗಳ ಹಾಗೆ, ಮೇಜಿನಲ್ಲಿ ಜಾಗ ಇದ್ದರೆ ಗುರುತಿಲ್ಲದವರ ಜತೆಯೇ ಕೂರುವುದು. "ಇಸ್ಟ್ ಹಿಯರ್ ನೋಖ್ ಫ್ರೈ?" ಎಂದು ಕೇಳಿದರೆ ಆಯಿತು, ಸರಿದು ಜಾಗ ಕೊಡುತ್ತಾರೆ. ಆದರೆ 'ಸ್ಟಾಮ್‌ಟಿಶ್' ಎಂದು ಬೋರ್ಡ್ ಇಟ್ಟಿರುವ ಮೇಜು ಖಾಲಿ ಇದ್ದರೂ ಮುಟ್ಟಬೇಡಿ, ಅದು ಕಾಯಂ ಗಿರಾಕಿಗಳದ್ದು. ಒಮ್ಮೆ ಒಬ್ಬ ಹಿರಿಯರು ತಾವಾಗಿ ಕರೆದು ಆ ಮೇಜಿಗೆ ಕೂರಿಸಿಕೊಂಡರು. "ಎಲ್ಲಿಂದ ನೀವು?" ಎಂದರು. ಬೆಂಗಳೂರು ಎಂದೆ. "ಅಲ್ಲಿ ಬಿಯರ್ ಹೇಗಿದೆ?" ಎಂದು ಕೇಳಿದರು. ಈಗ ನಮ್ಮಲ್ಲೂ ಅಲ್ಲೇ ಕಾಯಿಸಿ ಕೊಡುವ ಪಬ್ಬುಗಳಿವೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಎಷ್ಟು ಕುಡಿದಿರಿ ಅನ್ನುವ ಲೆಕ್ಕ ಗ್ಲಾಸಿನ ಕೆಳಗಿನ ರಟ್ಟಿನ ಅಂಚಿನಲ್ಲಿರುತ್ತದೆ. ಒಂದೊಂದು ಗ್ಲಾಸಿಗೆ ಪೆನ್ಸಿಲಿನ ಒಂದೊಂದು ಗೀಟು. ಅದೇ ಬಿಲ್ಲು, ಹರಿಯಬೇಡಿ. ಕೊಲೋನ್‌ನಲ್ಲಿ ರಟ್ಟಿಗೆ ಇನ್ನೊಂದು ಕೆಲಸವೂ ಇದೆ. ಅಲ್ಲಿ 200 ಮಿಲಿಯ ಸಣ್ಣ ಗ್ಲಾಸು, ಖಾಲಿಯಾದ ಕೂಡಲೇ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಸಾಕು ಅನ್ನಬೇಕಾದರೆ ರಟ್ಟನ್ನು ಗ್ಲಾಸಿನ ಬಾಯಿಗೆ ಮುಚ್ಚಬೇಕು.

ಬೇಸಿಗೆಯಾದರೆ ಒಳಗೆ ಕೂರಬೇಡಿ, ಗುಡ್ಡ ಹತ್ತಿ. ಫ್ರಿಜ್ ಇಲ್ಲದ ಕಾಲದಲ್ಲಿ ಬಿಯರನ್ನು ತಂಪಾಗಿಡಲು ಗುಡ್ಡದ ಕಲ್ಲು ಕೊರೆದು ನೆಲಮಾಳಿಗೆ ಮಾಡಿದ್ದರು. ಬಿಸಿಲು ಬೀಳದಿರಲೆಂದು ಮೇಲೆ ಮರ ನೆಟ್ಟರು. ಆ ನೆರಳಲ್ಲಿ ಬೆಂಚು ಬಂತು, ಜನ ಬಂದರು. ಸ್ಪೆಟ್ಸಿಯಾಲ್‌ನವರ ಇಂಥ ತೋಟ ಬಾಂಬರ್ಗ್‌ನ ಗುಡ್ಡದ ಮೇಲಿದೆ, ಇಡೀ ಹಳೇ ಊರು ಕೆಳಗೆ ಕಾಣುತ್ತದೆ. ಮ್ಯೂನಿಕ್‌ನಲ್ಲೂ ಬಿಯರ್ ತೋಟ ಹುಟ್ಟಿದ್ದು ಹೀಗೇ. ಬ್ರೂವರಿಗಳು ಅಲ್ಲೇ ಬಿಯರ್ ಮಾರಬಹುದು, ಬ್ರೆಡ್ ಬಿಟ್ಟು ಬೇರೆ ಊಟ ಮಾರುವಂತಿಲ್ಲ ಎಂದು 1812ರಲ್ಲಿ ರಾಜ ಅಪ್ಪಣೆ ಕೊಟ್ಟ. ಜನ ಮನೆಯಿಂದ ಬುತ್ತಿ ತರತೊಡಗಿದರು. ಇವತ್ತಿಗೂ ಅಲ್ಲಿ ಮೇಜುಬಟ್ಟೆ ಹಾಸದ ಬೆಂಚುಗಳಲ್ಲಿ ನಮ್ಮ ಬುತ್ತಿ ಬಿಚ್ಚಿ ತಿನ್ನಬಹುದು, ಬಿಯರ್ ಮಾತ್ರ ಅವರದ್ದೇ ಆಗಿರಬೇಕು. ಚಪಾತಿ ಪಲ್ಯ ಬಿಚ್ಚಿದ್ದೇವೆ, ಚಿತ್ರಾನ್ನವೂ ಆಗಿದೆ. ಯಾರೂ ತಿರುಗಿ ನೋಡಲಿಲ್ಲ.

ಸಸ್ಯಾಹಾರಿಗಳಿಗೆ ಇದು ದೊಡ್ಡ ಉಪಕಾರ, ಯಾಕೆಂದರೆ ಬಿಯರ್ ಹಾಲ್‌ಗಳಲ್ಲಿ ಹಂದಿ ಮಾಂಸದ್ದೇ ರಾಜ್ಯ. ಬಾಂಬರ್ಗ್‌ನ ಈರುಳ್ಳಿ ಎಂದು ಮೆನುವಿನಲ್ಲಿ ಕಂಡರೆ ಖುಷಿಪಡಬೇಡಿ, ಒಳಗೆ ಖೀಮಾ ತುಂಬಿರುತ್ತಾರೆ. ಆಲೂಗಡ್ಡೆ ಉಂಡೆ ಸಿಗುತ್ತದೆ, ಆದರೆ ಮೇಲೆ ಸುರಿಯುವುದು ಮಾಂಸದ ಸಾರು. ಆಲೂಗಡ್ಡೆ ಸಲಾಡಿನಲ್ಲೂ ಆ ಸಾರು ಇರಬಹುದು, ಕೇಳಿಬಿಡಿ. ನಂಬಬಹುದಾದದ್ದು 'ಗೆರುಪ್ಫ್ಟರ್', ಮ್ಯೂನಿಕ್ ಕಡೆ ಅದೇ 'ಒಬಾಟ್ಸ್ಡಾ'. ಚೀಸು, ಬೆಣ್ಣೆ, ಈರುಳ್ಳಿ, ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ ಕಲಸಿದ ಮುದ್ದೆ. ಬ್ರೆಡ್ಡಿಗೆ ದಪ್ಪಗೆ ಸವರಿ ತಿಂದರೆ ಹೊಟ್ಟೆ ತುಂಬುತ್ತದೆ.

ಇಷ್ಟೆಲ್ಲ ಆದ ಮೇಲೂ ನನ್ನ ಮೆಚ್ಚಿನ ಜಾಗ ಬಾಂಬರ್ಗ್ ಅಲ್ಲ. ಚೆಕ್ ಗಡಿಯ ಕಡೆಗಿರುವ ವಿಂಡಿಷೆಶೆನ್‌ಬಾಖ್, ಅದರ ಪಕ್ಕದ ನೊಯ್‌ಹೌಸ್. ಇಲ್ಲಿ ಸಿಗುವುದು ತ್ಸೊಯ್ಗ್ಲ್ ಎಂಬ ಬಿಯರು. ಬಿಯರ್ ಮಾಡುವ ಹಕ್ಕು ಇಲ್ಲಿ ಮನೆಗೆ ಅಂಟಿಕೊಂಡು ಬಂದದ್ದು. ಊರಿಗೆಲ್ಲ ಒಂದೇ ಬ್ರೂಹೌಸು, ಹಕ್ಕಿರುವ ಮನೆಯವರು ಸರದಿ ಹಿಡಿದು ಅಲ್ಲಿ ಸೌದೆ ಒಲೆಯ ಮೇಲೆ ಕಾಯಿಸುತ್ತಾರೆ. ಕಾದ ರಸವನ್ನು ಅಗಲವಾದ ತೆರೆದ ತೊಟ್ಟಿಗೆ ಬಿಟ್ಟು ರಾತ್ರಿಯಿಡೀ ಆರಿಸುತ್ತಾರೆ. ಆಮೇಲೆ ಮನೆಯ ನೆಲಮಾಳಿಗೆಗೆ ಸಾಗಿಸಿ, ಯೀಸ್ಟ್ ಹಾಕಿ ಹುದುಗಿಸುತ್ತಾರೆ. ಹೀಗಾಗಿ ಒಂದೇ ಒಲೆಯಲ್ಲಿ ಕಾದರೂ ಮನೆ ಮನೆಯ ರುಚಿ ಬೇರೆ. ಒಂದು ಮನೆಯದ್ದು ಕಹಿ ಮುಂದೆ, ಇನ್ನೊಂದರದ್ದು ಹೊಸ ಬ್ರೆಡ್ಡಿನ ಹಾಗೆ ಮೆತ್ತಗೆ. ಯಾವುದು ಚೆಂದ ಎಂದು ಆ ಊರಲ್ಲಿ ಜೋರಾಗಿ ಹೇಳದಿರುವುದೇ ಒಳ್ಳೆಯದು.

ಯಾರ ಸರದಿ ಎಂದು ತಿಳಿಯುವುದು ಸುಲಭ. ಬಾಗಿಲ ಮೇಲೆ ಆರು ಮೂಲೆಯ ನಕ್ಷತ್ರ ತೂಗುಹಾಕಿರುತ್ತಾರೆ. ಒಳಗೆ ಹೋದರೆ ಉದ್ದ ಬೆಂಚು, ಬಡಿಸುವುದು ಮನೆಯವರೇ. ತಿನ್ನಲು ಬ್ರೆಡ್ಡು, ಚೀಸು, ತಣ್ಣಗಿನ ಮಾಂಸ. ಬೆಲೆ ಮ್ಯೂನಿಕ್‌ಗಿಂತ ಎಷ್ಟೋ ಕಮ್ಮಿ. ಸಾಮಾನ್ಯವಾಗಿ ಶುಕ್ರವಾರದಿಂದ ಸೋಮವಾರದವರೆಗೆ ತೆರೆದಿರುತ್ತದೆ, ಆಮೇಲೆ ಸರದಿ ಇನ್ನೊಂದು ಮನೆಗೆ. ಯಾವ ವಾರ ಯಾರ ಮನೆ ಅನ್ನುವ ಕ್ಯಾಲೆಂಡರ್ ಆನ್‌ಲೈನ್‌ನಲ್ಲೇ ಸಿಗುತ್ತದೆ, ಅದನ್ನು ನೋಡದೆ ಹೊರಡಬೇಡಿ. ಕೈಯಲ್ಲಿ ನಗದು ಇರಲಿ, ಕಾರ್ಡ್ ನಡೆಯುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ವಿಂಡಿಷೆಶೆನ್‌ಬಾಖ್‌ಗೆ ವೈಡೆನ್ ಮೇಲಿಂದ ಟ್ರೈನ್ ಇದೆ, ನೊಯ್‌ಹೌಸ್‌ಗೆ ಅಲ್ಲಿಂದ ನಡೆದೇ ಹೋಗಬಹುದು. ವಾಪಸ್ ಬರುವ ಕೊನೆಯ ಟ್ರೈನಿನ ಸಮಯವನ್ನು ಮಾತ್ರ ಮೊದಲ ಗ್ಲಾಸಿಗೆ ಮುಂಚೆಯೇ ನೋಡಿಟ್ಟುಕೊಳ್ಳಿ.