ಖಾಲಿ ಲ್ಯಾಪ್‌ಟಾಪ್‌ಗೆ ಯಾವ ಓಎಸ್ ಹಾಕೋದು?

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲೋ ಆನ್‌ಲೈನಿನಲ್ಲೋ ಹಳೇ ಲ್ಯಾಪ್‌ಟಾಪ್ ಕೊಂಡಿದ್ದೀರಿ. ಮಾರಿದವರು ಒಳಗಿದ್ದದ್ದೆಲ್ಲ ಅಳಿಸಿಯೇ ಕೊಟ್ಟಿದ್ದಾರೆ. ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ನೋ ಬೂಟಬಲ್ ಡಿವೈಸ್’ ಅನ್ನುವ ಒಂದೇ ಸಾಲು. ಗಾಬರಿ ಬೇಡ. ಡಿಸ್ಕ್ ಖಾಲಿ ಇದ್ದು, ಓಎಸ್ (ಲ್ಯಾಪ್‌ಟಾಪನ್ನು ನಡೆಸುವ ವಿಂಡೋಸ್‌ನಂಥ ಮೂಲ ತಂತ್ರಾಂಶ) ಇಲ್ಲದಿದ್ದರೆ ಹೀಗೇ ಬರುತ್ತದೆ. ‘ದುಡ್ಡು ಕೊಡಿ ಸಾರ್, ವಿಂಡೋಸ್ ಹಾಕಿ ಕೊಡ್ತೀನಿ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಹತ್ತಿರ ಹೋಗುವ ಮೊದಲು ಲ್ಯಾಪ್‌ಟಾಪ್ ಏನು ಹೇಳುತ್ತದೆ ನೋಡೋಣ.

ಮೊದಲು ಬಯೋಸ್ ನೋಡಿ

ಆನ್ ಮಾಡಿದ ತಕ್ಷಣ ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1 ಕೀಯನ್ನು ಟಕಟಕ ಒತ್ತುತ್ತಿರಿ. ಬಯೋಸ್, ಅಂದರೆ ಓಎಸ್‌ಗೂ ಮೊದಲೇ ಓಡುವ ಲ್ಯಾಪ್‌ಟಾಪ್‌ನ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಅದು ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಮಾರಿದವರಿಗೆ ಫೋನ್ ಮಾಡಿ.

ತೆರೆದರೆ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೋ (ಚಿಪ್‌ನಲ್ಲಿ ಉಳಿಸುವ ವೇಗದ ಬಗೆ) ತಿರುಗುವ ಹಳೇ ಬಗೆಯ ಹಾರ್ಡ್ ಡಿಸ್ಕೋ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಮೇಲೆ ಅಂಟಿಸಿರುವ ‘ಕೋರ್ ಐ5’ ಸ್ಟಿಕ್ಕರ್ ನಂಬಬೇಡಿ. ಅದು ಅರ್ಧ ವಿಷಯವನ್ನಷ್ಟೇ ಹೇಳುತ್ತದೆ. ಬಯೋಸ್‌ನಲ್ಲಿ ಐ5-7300ಯು ಎಂದಿದ್ದರೆ ಅಡ್ಡಗೆರೆಯ ನಂತರದ 7 ನೋಡಿ, ಅದು ಏಳನೇ ತಲೆಮಾರು. ಐ5-8250ಯು ಆದರೆ ಎಂಟನೇ ತಲೆಮಾರು. ಈ ಒಂದು ಅಂಕಿಯಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ಯಾಕೆಂದರೆ ವಿಂಡೋಸ್ 11 ಬೇಕೆಂದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಚಿಪ್ಪೇ ಇರಬೇಕು. ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಕೂಡ ಬೇಕು. ಎಎಮ್‌ಡಿ ಚಿಪ್ ಆದರೆ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಹುಡುಕಿ.

ಹಾಗಾದರೆ ವಿಂಡೋಸ್ 10 ಹಾಕಿಬಿಟ್ಟರೆ? 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ, ಅಂದರೆ ಎಂದಿನ ಭದ್ರತಾ ಅಪ್‌ಡೇಟ್, ನಿಂತಿದೆ. ಬ್ಯಾಂಕಿನ ಕೆಲಸ ಮಾಡುವ ಲ್ಯಾಪ್‌ಟಾಪ್‌ಗೆ ಇವತ್ತು ಹೊಸದಾಗಿ ಅದನ್ನು ಹಾಕುವುದು ನನಗಂತೂ ಸರಿಕಾಣುವುದಿಲ್ಲ.

ಕೆಲಸ ಏನು?

ಟ್ಯಾಲಿ ಬೇಕು, ಡಿಜಿಟಲ್ ಸಹಿಯ ಟೋಕನ್ ಬೇಕು, ಆಫೀಸಿನವರು ನುಡಿ ತಂತ್ರಾಂಶದಲ್ಲೇ ಟೈಪ್ ಮಾಡಿ ಅಂತಾರೆ ಅಂದರೆ ಸುಮ್ನೆ ವಿಂಡೋಸ್ ಕಡೆಗೇ ಹೋಗಿ. ಅಲ್ಲಿ ಲಿನಕ್ಸ್ (ಉಚಿತವಾಗಿ ಸಿಗುವ ಇನ್ನೊಂದು ಓಎಸ್) ಜೊತೆ ಗುದ್ದಾಡುವುದು ಬೇಡ. ರ‍್ಯಾಮ್ 8 ಜಿಬಿ ಇರಲಿ. 4 ಜಿಬಿ ಸಾಕು ಅನ್ನುವುದು ಕಾಗದದ ಮೇಲಿನ ಮಾತು. ವಿಂಡೋಸ್ 10 ಜೊತೆಗೇ ಬಂದ ಲ್ಯಾಪ್‌ಟಾಪ್ ಆದರೆ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಕೂತಿರುತ್ತದೆ. ಮೊದಲು ಹೋಮ್ ಆವೃತ್ತಿ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ ಹಾಕಿ ನೆಟ್ ಕೊಟ್ಟರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಮಾಡಿದ್ದು ಬೇಡವೇ ಬೇಡ.

ಕಂಪನಿಗಳು ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತಲೆನೋವಿದೆ. ವಿಂಡೋಸ್ ಹಾಕಿ ನೆಟ್ ಕೊಟ್ಟ ಕೂಡಲೇ ಯಾವುದೋ ಕಂಪನಿಯ ಹೆಸರು ತೋರಿಸಿ, ಅಲ್ಲಿನ ಇಮೇಲ್‌ನಿಂದ ಲಾಗಿನ್ ಆಗಿ ಅಂತ ಕೇಳಬಹುದು. ಹಳೇ ಕಂಪನಿ ತನ್ನ ಪಟ್ಟಿಯಿಂದ ಅದನ್ನು ತೆಗೆದಿಲ್ಲ ಎಂದರ್ಥ. ಡಿಸ್ಕ್ ಎಷ್ಟು ಸಲ ಅಳಿಸಿದರೂ ಇದು ಹೋಗದು. ವಾಪಸ್ ಕೊಡುವ ಅವಧಿಯೊಳಗೇ ಇದನ್ನು ನೋಡಿಕೊಳ್ಳಿ.

ಬ್ರೌಸರ್, ಯೂಟ್ಯೂಬ್, ಮಕ್ಕಳ ಓದು, ಒಂದಿಷ್ಟು ಪತ್ರ ಬರೆಯುವುದು ಇಷ್ಟೇನಾ? ಏಳನೇ ತಲೆಮಾರು ಅಥವಾ ಅದಕ್ಕಿಂತ ಹಳೇದಕ್ಕೆ ನನ್ನ ಆಯ್ಕೆ ಲಿನಕ್ಸ್ ಮಿಂಟ್. ವಿಂಡೋಸ್ ನೋಡಿ ಅಭ್ಯಾಸ ಇದ್ದವರಿಗೆ ಕೆಳಗಿನ ಪಟ್ಟಿ, ಮೆನು ಎಲ್ಲ ಪರಿಚಯದ್ದೇ ಅನ್ನಿಸುತ್ತದೆ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಹಾರ್ಡ್ ಡಿಸ್ಕ್ ಇದ್ದರೆ ಮಾತ್ರ ಮೊದಲು ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಯಾವ ಓಎಸ್ ಹಾಕಿದರೂ ಇದರಷ್ಟು ವೇಗ ಬರುವುದಿಲ್ಲ. ಕ್ರೋಮ್‌ಓಎಸ್ ಫ್ಲೆಕ್ಸ್ ಅನ್ನುವ ಗೂಗಲ್‌ನ ಓಎಸ್ ಕೂಡ ಉಂಟು. ಆದರೆ ಅದರಲ್ಲಿ ಪ್ಲೇ ಸ್ಟೋರ್ ಇಲ್ಲ, ಗೊತ್ತಿರಲಿ.

ಹಾಕುವ ಮೊದಲೇ ಓಡಿಸಿ ನೋಡಿ

ಬೇರೆ ಕಂಪ್ಯೂಟರ್‌ನಲ್ಲಿ ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಓಎಸ್ ಒಂದೇ ಫೈಲಿನಲ್ಲಿ) ಇಳಿಸಿಕೊಂಡು, ರೂಫಸ್ ಅನ್ನುವ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹೋಗುತ್ತದೆ, ಮದುವೆ ಫೋಟೋ ಇದ್ದರೆ ಮೊದಲೇ ತೆಗೆದಿಡಿ. ಅದನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿ ಆನ್ ಮಾಡಿ, ಡೆಲ್ ಮತ್ತು ಥಿಂಕ್‌ಪ್ಯಾಡ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ಡಿಸ್ಕ್ ಮುಟ್ಟದೆಯೇ ಮಿಂಟ್ ಓಡುತ್ತದೆ. ಆಗಲೇ ವೈಫೈ, ಸ್ಪೀಕರ್, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲ ನೋಡಿ. ಮುಚ್ಚಳ ಮುಚ್ಚಿ ತೆರೆದರೆ ಎದ್ದೇಳುತ್ತದಾ ಅನ್ನುವುದನ್ನು ತಪ್ಪದೆ ನೋಡಿ. ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ನೆಟ್ ಬರುತ್ತದೆ, ಮಿಂಟ್‌ನೊಳಗಿನ ಡ್ರೈವರ್ ಮ್ಯಾನೇಜರ್ ವೈಫೈಗೆ ಬೇಕಾದ ಡ್ರೈವರ್ ತಂತ್ರಾಂಶವನ್ನು ಹುಡುಕುತ್ತದೆ.

ಎಲ್ಲ ಸರಿಯಿದ್ದರೆ ‘ಇನ್‌ಸ್ಟಾಲ್’ ಒತ್ತಿ. ಡಿಸ್ಕ್ ಹೇಗೂ ಖಾಲಿ, ‘ಎರೇಸ್ ಡಿಸ್ಕ್’ ಅಂತ ಕೇಳಿದರೆ ಹ್ಞೂಂ ಅನ್ನಿ. ಕನ್ನಡ ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಆರಿಸಿ. ನುಡಿಯಲ್ಲಿ ಕೈ ಪಳಗಿದವರಿಗೆ ಬೆರಳು ತಾನಾಗಿಯೇ ಓಡುತ್ತದೆ. ಹಳೇ ನುಡಿ ಫಾಂಟ್‌ನ ಫೈಲುಗಳನ್ನು ಮಾತ್ರ ಎಲ್ಲ ಕಂಪ್ಯೂಟರಿನಲ್ಲೂ ನಡೆಯುವ ಅಕ್ಷರ ಪದ್ಧತಿಯಾದ ಯುನಿಕೋಡ್‌ಗೆ ಬದಲಿಸಿಯೇ ತನ್ನಿ. ಇಲ್ಲದಿದ್ದರೆ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ.